ಪೊಲೀಸರೇ ಇಲ್ಲದ ಕಾನೂನನ್ನು ದೇಶಗಳು ಯಾಕೆ ಪಾಲಿಸುತ್ತವೆ?

ಪ್ರಶ್ನೆ: ಯುರೋಪಿಯನ್ ಯೂನಿಯನ್‌ಗೆ ಸ್ವಂತ ಸೈನ್ಯ ಇಲ್ಲ, ಜೈಲಿಲ್ಲ, ಮನೆ ಬಾಗಿಲು ಬಡಿಯೋ ಪೊಲೀಸರೂ ಇಲ್ಲ. ಆದರೂ 27 ದೇಶಗಳು ಅದರ ಕಾನೂನಿಗೆ ಯಾಕೆ ತಲೆಬಾಗುತ್ತವೆ? ದಂಡದ ಭಯಕ್ಕಾ?

ಈ ಪ್ರಶ್ನೆ ಕೇಳುವವರ ಹತ್ತಿರ ಅರ್ಧ ಉತ್ತರ ಆಗಲೇ ಇರುತ್ತದೆ. ದಂಡ ಹಾಕ್ತಾರೆ, ಅದಕ್ಕೆ ಹೆದರ್ತಾರೆ ಅಂತ. ಸರಿ, ಮೊದಲು ಆ ದಂಡದ ಕಥೆಯನ್ನೇ ನೋಡೋಣ.

ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ, ಹನಿಯಾ ಅನ್ನೋ ಊರಿನ ಹತ್ತಿರ ಕುರುಪಿತೋಸ್ ಅಂತ ಒಂದು ಕೊರಕಲು ಇದೆ. ಸುತ್ತಲಿನ ಕಸವೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು. ಇದು ಯುರೋಪಿನ ಕಾನೂನಿಗೆ ವಿರುದ್ಧ ಅಂತ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ಕೋರ್ಟು 1992ರಲ್ಲೇ ಹೇಳಿತು. ಕಸ ಬೀಳುತ್ತಲೇ ಇತ್ತು. ಕೊನೆಗೆ 2000ದ ಜುಲೈನಲ್ಲಿ ಕೋರ್ಟು ದಿನಕ್ಕೆ 20,000 ಯೂರೋ ದಂಡ ಜಡಿಯಿತು. ಒಂದು ದೇಶದ ಮೇಲೆ ಹೀಗೆ ದಂಡ ಬಿದ್ದದ್ದು ಅದೇ ಮೊದಲು.

ತಾರೀಖು ಗಮನಿಸಿದಿರಾ? ಈ ಯೂನಿಯನ್ನಿನ ಹಿಂದಿನ ರೂಪವಾದ ಯುರೋಪಿಯನ್ ಸಮುದಾಯ ಶುರುವಾದದ್ದು 1958ರಲ್ಲಿ. ದಂಡ ಹಾಕುವ ಅಧಿಕಾರ ಕೋರ್ಟಿಗೆ ಸಿಕ್ಕಿದ್ದು 1993ರಲ್ಲಿ, ಯೂನಿಯನ್ನನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದ ಮೇಲೆ. ಮಧ್ಯದ 35 ವರ್ಷ ಬಿಡಿಗಾಸು ದಂಡವಿಲ್ಲದೆ ಈ ವ್ಯವಸ್ಥೆ ನಡೆದಿದೆ, ಮತ್ತು ಒಟ್ಟಾರೆ ಚೆನ್ನಾಗೇ ನಡೆದಿದೆ. ಹಾಗಾಗಿ ದಂಡವೊಂದನ್ನೇ ಹಿಡಿದುಕೊಂಡು ಕೂತರೆ ಲೆಕ್ಕ ತಾಳೆಯಾಗುವುದಿಲ್ಲ.

ಗ್ರೀಸ್ ಕೋರ್ಟಿನಲ್ಲಿ ಹೇಳಿಕೊಂಡ ಕಷ್ಟ ಏನು ಗೊತ್ತಾ? ಹೊಸ ಜಾಗ ನೋಡಿದರೆ ಅಲ್ಲಿನ ಜನ ಬೇಡ ಅಂತ ಗಲಾಟೆ ಮಾಡ್ತಾರೆ ಅಂತ. ಕೋರ್ಟು ಇದನ್ನು ಒಪ್ಪಲಿಲ್ಲ, ಆ ಮಾತು ಬೇರೆ. ಆದರೆ ವಿದ್ವಾಂಸರ ಜಗಳ ಶುರುವಾಗುವುದೇ ಇಲ್ಲಿಂದ: ಕಾನೂನು ಮುರಿದ ದೇಶಕ್ಕೆ ಮನಸ್ಸಿರಲಿಲ್ಲವೋ, ಕೈಲಾಗಲಿಲ್ಲವೋ?

ಕೈಲಾಗುವುದಿಲ್ಲ ಅಂದವರು ಏಬ್ರಾಮ್ ಚೇಸ್ ಮತ್ತು ಆಂಟೊನಿಯಾ ಹ್ಯಾಂಡ್ಲರ್ ಚೇಸ್, ಗಂಡ ಹೆಂಡತಿ. ಅವರು 1993ರಲ್ಲಿ ಬರೆದದ್ದು ಯುರೋಪಿನ ಬಗ್ಗೆ ಮಾತ್ರ ಅಲ್ಲ, ಎಲ್ಲ ಅಂತರರಾಷ್ಟ್ರೀಯ ಒಪ್ಪಂದಗಳ ಬಗ್ಗೆ. ದೇಶಗಳು ಬೇಕಂತಲೇ ಮೋಸ ಮಾಡುವುದು ಕಡಿಮೆ. ಒಪ್ಪಂದದ ಮಾತು ಗೊಂದಲವಾಗಿರುತ್ತದೆ, ಸರ್ಕಾರದ ಬಳಿ ದುಡ್ಡು ಅಥವಾ ಜನ ಇರುವುದಿಲ್ಲ, ಇಲ್ಲವೇ ಬದಲಾವಣೆಗೆ ಸಮಯ ಹಿಡಿಯುತ್ತದೆ. ಅದಕ್ಕೆ ಬೆತ್ತ ಬೇಡ, ಸಹಾಯ ಮಾಡಿ ಅಂದರು. ಮೂರು ವರ್ಷದ ನಂತರ ಜಾರ್ಜ್ ಡೌನ್ಸ್, ಡೇವಿಡ್ ರಾಕ್, ಪೀಟರ್ ಬಾರ್ಸೂಮ್ ತಿರುಗೇಟು ಕೊಟ್ಟರು. ದೇಶಗಳು ಹೇಗೂ ಮಾಡಲಿದ್ದ ಕೆಲಸವನ್ನೇ ಒಪ್ಪಂದದಲ್ಲಿ ಬರೆದುಕೊಂಡರೆ ಪಾಲನೆ ನೂರಕ್ಕೆ ನೂರು ಬರದೆ ಇನ್ನೇನು? ನಿಜವಾಗಿ ಕಷ್ಟದ ಕಾನೂನು ಬಂದಾಗ ಬೆತ್ತ ಬೇಕೇ ಬೇಕು ಅನ್ನೋದು ಇವರ ವಾದ. ನನಗೆ ಇವರ ಮಾತು ನಾಟಿದಷ್ಟು ಚೇಸ್ ದಂಪತಿಯ ಮಾತು ನಾಟುವುದಿಲ್ಲ. ಆದರೂ ಸ್ವೀಡನ್ನಿನ ಯೋನಾಸ್ ಟಾಲ್ಬೆರ್ಗ್ 2002ರಲ್ಲಿ ಹೇಳಿದ್ದು ಇನ್ನೂ ಸರಿ ಅನ್ನಿಸುತ್ತದೆ. ಯುರೋಪಿನಲ್ಲಿ ಬೆತ್ತ, ಸಹಾಯ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲು ಯೂನಿಯನ್ನಿನ ಆಡಳಿತದಿಂದ ಒಂದು ಪತ್ರ, ಆಮೇಲೆ ಇನ್ನೊಂದು ಗಟ್ಟಿ ಪತ್ರ, ಮಧ್ಯೆ ಮಾತುಕತೆ, ಕೊನೆಗೆ ಕೋರ್ಟು. ಹೆಚ್ಚಿನ ಕೇಸುಗಳು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮುಗಿಯುತ್ತವೆ.

ಯೂನಿಯನ್ನನ್ನು ಇಷ್ಟಪಡುವ ದೇಶ ಜಾಸ್ತಿ ಪಾಲಿಸುತ್ತದೆ ಅಂತ ಅಂದುಕೊಂಡಿದ್ದರೆ ಅದೂ ತಪ್ಪು. ಡೆನ್ಮಾರ್ಕ್ ಜನ 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದವನ್ನು ಮತ ಹಾಕಿ ತಿರಸ್ಕರಿಸಿದವರು. ಆದರೆ ಕಾನೂನು ಜಾರಿ ಮಾಡುವುದರಲ್ಲಿ ಅವರದ್ದು ಮುಂದಿನ ಬೆಂಚು. ಇಟಲಿ ಯೂನಿಯನ್ನಿನ ಸ್ಥಾಪಕ ದೇಶ, ಬಹಳ ಕಾಲ ಅದರ ದೊಡ್ಡ ಅಭಿಮಾನಿ, ಆದರೆ ಬಾಕಿ ಕೆಲಸ ಮಾತ್ರ ಬೆಟ್ಟದಷ್ಟು. ಎಷ್ಟೆಂದರೆ, ಯೂನಿಯನ್ನಿನ ಆಡಳಿತ ಕೇಂದ್ರ ಬ್ರಸೆಲ್ಸ್‌ನಿಂದ ಬಂದ ನಿರ್ದೇಶನಗಳನ್ನು (ಪ್ರತಿ ದೇಶವೂ ತನ್ನ ಕಾನೂನಾಗಿ ಮಾಡಿಕೊಳ್ಳಬೇಕಾದ ನಿಯಮಗಳನ್ನು) ವರ್ಷಕ್ಕೊಮ್ಮೆ ಗಂಟು ಕಟ್ಟಿ ಪಾಸು ಮಾಡಲೆಂದೇ 1989ರಲ್ಲಿ ಅವರು ಬೇರೆ ಕಾನೂನು ಮಾಡಬೇಕಾಯಿತು. ಗೆರ್ಡಾ ಫಾಕ್ನರ್ ಅನ್ನೋ ಸಂಶೋಧಕಿ ಮತ್ತು ಸಂಗಡಿಗರು ಆಗ ಸದಸ್ಯರಾಗಿದ್ದ 15 ದೇಶಗಳಲ್ಲಿ ಕಾರ್ಮಿಕರಿಗೆ ಸಂಬಂಧಿಸಿದ 6 ನಿರ್ದೇಶನಗಳ ಗತಿ ಏನಾಯಿತು ಅಂತ ಕೂತು ನೋಡಿದರು, ಒಟ್ಟು 90 ಕೇಸು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಪಾಲಿಸುವುದೇ ಅಭ್ಯಾಸ. ಜರ್ಮನಿ, ಆಗಿನ್ನೂ ಯೂನಿಯನ್ನಿನಲ್ಲಿದ್ದ ಬ್ರಿಟನ್‌ನಂಥ ಕಡೆ ಆಗಿನ ರಾಜಕೀಯಕ್ಕೆ ಹೊಂದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಕೆಲವು ಕಡೆ, ಫ್ರಾನ್ಸ್ ಕೂಡ ಸೇರಿ, ಕಡತ ಸುಮ್ನೆ ಮೇಜಿನ ಮೇಲೇ ಮಲಗಿರುತ್ತದೆ.

ಡೆನ್ಮಾರ್ಕ್‌ನ ಗುಟ್ಟು ಸಣ್ಣದು. ಅಲ್ಲಿನ ಮಂತ್ರಿ ಬ್ರಸೆಲ್ಸ್‌ಗೆ ಹೊರಡುವ ಮೊದಲು ತನ್ನ ಸಂಸತ್ತಿನ ಯುರೋಪ್ ಸಮಿತಿಯ ಮುಂದೆ ಕೂತು, ಅಲ್ಲಿ ಏನು ಹೇಳುತ್ತೇನೆ ಅಂತ ಒಪ್ಪಿಸಿ ಹೋಗಬೇಕು. ಜಗಳ ಏನಿದ್ದರೂ ಮೊದಲೇ. ಆಮೇಲೆ ಬಂದ ಕಾನೂನಿಗೆ ತಕರಾರು ತೆಗೆಯುವವರು ಕಡಿಮೆ.

ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಬೇರೆ ಇದೆ. ಅದು ಶುರುವಾದದ್ದು ಒಂದು ಅಂಟಿನ ರಾಸಾಯನಿಕದಿಂದ. ವಾನ್ ಗೆಂಡ್ ಎನ್ ಲೂಸ್ ಅನ್ನೋ ಡಚ್ ಸಾಗಣೆ ಕಂಪನಿ 1960ರಲ್ಲಿ ಪಶ್ಚಿಮ ಜರ್ಮನಿಯಿಂದ ಅದನ್ನು ತರಿಸಿತು. ಶೇ 3 ಇದ್ದ ಸುಂಕ ಶೇ 8 ಆಗಿತ್ತು. ಸುಂಕ ಏರಿಸಬಾರದು ಅಂತ ಒಪ್ಪಂದದಲ್ಲೇ ಇದೆಯಲ್ಲ ಅಂತ ಕಂಪನಿ ಕೇಳಿತು. ಅದು ದೇಶ ದೇಶಗಳ ನಡುವಿನ ಮಾತು, ನಿಮಗೇನು ಸಂಬಂಧ ಅಂತ ಸರ್ಕಾರದ ಕಡೆಯವರು. 1963ರಲ್ಲಿ ಲಕ್ಸೆಂಬರ್ಗ್ ಕೋರ್ಟು ಕಂಪನಿಯ ಪರ ನಿಂತಿತು: ಈ ಕಾನೂನು ಜನರಿಗೂ ಹಕ್ಕು ಕೊಡುತ್ತದೆ, ನಿಮ್ಮ ದೇಶದ ಕೋರ್ಟಿನಲ್ಲೇ ಕೇಳಬಹುದು. ಮರುವರ್ಷ ಮಿಲಾನಿನ ವಕೀಲ ಫ್ಲಾಮಿನಿಯೊ ಕೋಸ್ಟಾ ಕಟ್ಟಲಾರೆ ಅಂದ 1,925 ಲಿರಾದ ಕರೆಂಟ್ ಬಿಲ್ಲಿನ ಕೇಸಿನಲ್ಲಿ ಇನ್ನೊಂದು ಹೆಜ್ಜೆ: ದೇಶದ ಕಾನೂನಿಗೂ ಯುರೋಪಿನ ಕಾನೂನಿಗೂ ತಿಕ್ಕಾಟ ಬಂದರೆ ಯುರೋಪಿನದ್ದೇ ಮೇಲು.

ಇದರಿಂದ ಆದದ್ದೇನು? ಬ್ರಸೆಲ್ಸ್‌ನ ಪತ್ರವನ್ನು ಮಂತ್ರಿ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡಬಹುದು. ತನ್ನದೇ ದೇಶದ ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಹಾಗೆ ಇಡುವುದು ಕಷ್ಟ, ಅಲ್ವಾ? ಕೆಳಗಿನ ಕೋರ್ಟುಗಳಿಗೂ ಇದು ರುಚಿಸಿತು. ತಮ್ಮ ಮೇಲಿನ ಕೋರ್ಟನ್ನು ದಾಟಿ ನೇರ ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸಬಹುದು ಅಂದರೆ ಯಾರು ಬೇಡ ಅಂತಾರೆ? ಕರೆನ್ ಆಲ್ಟರ್ ಅನ್ನೋ ರಾಜ್ಯಶಾಸ್ತ್ರಜ್ಞೆ ಈ ಸ್ವಾರ್ಥವನ್ನೇ ಬಿಡಿಸಿ ತೋರಿಸಿದರು. ದೇಶ ಅನ್ನೋದು ಒಬ್ಬ ಮನುಷ್ಯ ಅಲ್ಲವಲ್ಲ. ಮಂತ್ರಿ ಏರಿಗೆ ಎಳೆದರೆ ನ್ಯಾಯಾಧೀಶ ನೀರಿಗೆ ಎಳೆಯುತ್ತಾನೆ.

ಇದು ಗೊತ್ತಿದ್ದರೆ ಪೋಲೆಂಡ್ ಸರ್ಕಾರಕ್ಕೂ ಯೂನಿಯನ್ನಿಗೂ ನಡೆದ ಜಗಳ ಚೆನ್ನಾಗಿ ಅರ್ಥವಾಗುತ್ತದೆ. ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸಿದ ನ್ಯಾಯಾಧೀಶರ ಮೇಲೇ ಅಲ್ಲಿ ವಿಚಾರಣೆ ಶುರುವಾಗಿತ್ತು. ನ್ಯಾಯಾಧೀಶರನ್ನು ಶಿಕ್ಷಿಸಲು ಮಾಡಿದ ಪೀಠವನ್ನು ನಿಲ್ಲಿಸಲಿಲ್ಲ ಅಂತ 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ 10 ಲಕ್ಷ ಯೂರೋ ದಂಡ ಬಿತ್ತು. ಪೋಲೆಂಡ್ ಕಟ್ಟಲಿಲ್ಲ. ಅದಕ್ಕೆ ಬರಬೇಕಿದ್ದ ಯೂನಿಯನ್ ಅನುದಾನದಲ್ಲೇ ಆ ದುಡ್ಡನ್ನು ಮುರಿದುಕೊಂಡರು.