ಅಮೆರಿಕಕ್ಕೆ ಸಂದೇಶ ಹೋದದ್ದು ಯಾವ ತಂತಿಯಲ್ಲಿ?

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನ ವೆಬ್‌ಸ್ಟರ್ ಅಂಡ್ ಹಾರ್ಸ್‌ಫಾಲ್ ಕಂಪನಿ ಮಾಡಿದ ಉಕ್ಕಿನ ತಂತಿಯಲ್ಲೇ 1866ರಲ್ಲಿ ಅಮೆರಿಕಕ್ಕೆ ಟೆಲಿಗ್ರಾಂ ಹೋಯಿತಂತೆ, ನಿಜವೇ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದಷ್ಟೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. 1866ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಂ ಕೇಬಲ್ಲಿನ ಉಕ್ಕಿನ ತಂತಿ ಅವರದೇ, ಅದರಲ್ಲಿ ಅನುಮಾನ ಬೇಡ. ಆದರೆ ಸಂದೇಶ ಹೋದದ್ದು ಆ ತಂತಿಯಲ್ಲಿ ಅಲ್ಲ.

ವೆಬ್‌ಸ್ಟರ್ ಮನೆತನ ತಂತಿ ಎಳೆಯಲು, ಅಂದರೆ ಲೋಹವನ್ನು ಸಣ್ಣ ತೂತಿನಲ್ಲಿ ಎಳೆದು ತಂತಿ ಮಾಡಲು, ಶುರು ಮಾಡಿದ್ದು 1720ರಲ್ಲಿ. ಪಿಯಾನೋ ತಂತಿಗೆ ಅವರು ಹೆಸರುವಾಸಿಯಾಗಿದ್ದರು. 1854ರಲ್ಲಿ ಜೇಮ್ಸ್ ಹಾರ್ಸ್‌ಫಾಲ್ ಉಕ್ಕಿನ ತಂತಿಯನ್ನು ಕಾಯಿಸಿ ಗಟ್ಟಿ ಮಾಡುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಎರಡೂ ಕಡೆಯವರು ಒಂದಾಗಿ ಬರ್ಮಿಂಗ್‌ಹ್ಯಾಮ್‌ನ ಹೇ ಮಿಲ್ಸ್‌ನಲ್ಲಿ ನೆಲೆ ನಿಂತರು. ಅಟ್ಲಾಂಟಿಕ್ ಕೇಬಲ್ಲಿಗಾಗಿ ಅಲ್ಲಿ 250 ಜನ 11 ತಿಂಗಳು ದುಡಿದು 30,000 ಮೈಲಿ ತಂತಿ ಎಳೆದರು. ತೂಕ ಸುಮಾರು 1,600 ಟನ್.

ಈ 30,000 ಮೈಲಿಯ ಮೇಲೆ ಸ್ವಲ್ಪ ಗಮನ ಇಡಿ. ಐರ್ಲೆಂಡಿನ ವಾಲೆನ್ಷಿಯಾದಿಂದ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್‌ಗೆ ಇಳಿಸಿದ ಕೇಬಲ್ ಎರಡು ಸಾವಿರ ಮೈಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮತ್ತೆ ಅಷ್ಟೊಂದು ತಂತಿ ಯಾಕೆ ಬೇಕಾಯಿತು? ಯಾಕೆಂದರೆ ಕೇಬಲ್ಲಿನ ಸುತ್ತ ಹತ್ತು ಉಕ್ಕಿನ ತಂತಿ ಸುತ್ತಿದ್ದರು. ಹತ್ತು ಪಟ್ಟು ಅಂದರೆ ಅಲ್ಲಿಗೇ ಇಪ್ಪತ್ತು ಸಾವಿರ ದಾಟಿತು. ಹಿಂದಿನ ವರ್ಷ ಅರ್ಧಕ್ಕೆ ನಿಂತಿದ್ದ ಇನ್ನೊಂದು ಕೇಬಲ್ಲನ್ನು ಮುಗಿಸಲು ಬೇಕಾದದ್ದೂ ಇದರಲ್ಲೇ ಸೇರಿರಬಹುದು. ಒಂದೊಂದು ತಂತಿಯೂ ಸೈಕಲ್ ಚಕ್ರದ ಕಡ್ಡಿಗಿಂತ ಚೂರು ದಪ್ಪ.

ಸಂದೇಶ ಹೊತ್ತದ್ದು ಮಧ್ಯದಲ್ಲಿದ್ದ ತಾಮ್ರ. ಏಳು ಸಣ್ಣ ಎಳೆ ಹೊಸೆದು, ಮೇಲೆ ಗಟ್ಟಾ ಪರ್ಚಾ ಎಂಬ ಮರದ ಅಂಟನ್ನು ಪದರ ಪದರವಾಗಿ ಮೆತ್ತಿದ್ದರು. ಅದರ ಸುತ್ತ ನಾರು, ಕೊನೆಗೆ ನಾರು ಸುತ್ತಿದ ಆ ಹತ್ತು ಉಕ್ಕಿನ ತಂತಿ. ರಸ್ತೆ ಅಗೆದು ಕರೆಂಟಿನ ಆರ್ಮರ್ಡ್ ಕೇಬಲ್ ಹಾಕುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕತ್ತರಿಸಿ ಬಿಸಾಡಿದ ತುಂಡು ಸಿಕ್ಕರೆ ಅದರ ತುದಿ ನೋಡಿ. ಅಂಚಿನಲ್ಲಿ ಬೂದು ಬಣ್ಣದ ಉಕ್ಕಿನ ತಂತಿಗಳ ಸಾಲು, ಒಳಗೆ ಕರೆಂಟ್ ಹರಿಯುವ ಎಳೆಗಳು. ಅದೇ ಜೋಡಣೆ.

ಇಷ್ಟು ಹೇಳಿದರೂ ಕೆಲವರು ಒಪ್ಪುವುದಿಲ್ಲ. ಅವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಉಕ್ಕಿನ ತಂತಿಯ ಮೇಲೆ ಇದ್ದದ್ದು ಬರೀ ನಾರು. ಉಪ್ಪುನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ, ಉಪ್ಪುನೀರಿನಲ್ಲಿ ಕರೆಂಟೂ ಹರಿಯುತ್ತದೆ. ಹಾಗಿದ್ದ ಮೇಲೆ ಉಕ್ಕಿಗೆ ಕೊಟ್ಟ ಸಂದೇಶ ಸಮುದ್ರ ಸೇರದೆ ಅಮೆರಿಕ ಮುಟ್ಟುವುದು ಹೇಗೆ?

ತಪ್ಪು ತಿಳಿವಳಿಕೆ ಎಲ್ಲಿಂದ ಹುಟ್ಟಿತು ಅನ್ನುವುದೂ ನನಗೆ ಗೊತ್ತು. ನಮ್ಮಲ್ಲಿ ಟೆಲಿಗ್ರಾಂಗೇ ‘ತಂತಿ’ ಅನ್ನುತ್ತಿದ್ದರು. ಮನೆಗೆ ತಂತಿ ಬಂತು ಅಂದರೆ ಎದೆ ಧಸಕ್ ಅನ್ನುತ್ತಿದ್ದ ಕಾಲ ಅದು. ರೈಲು ಹಳಿಯ ಪಕ್ಕದ ಕಂಬಗಳ ಮೇಲೆ ಆ ಸಂದೇಶ ಹೊತ್ತದ್ದು ಸತು ಲೇಪಿಸಿದ ಕಬ್ಬಿಣದ ತಂತಿಯೇ. ನೆಲದ ಮೇಲೆ ಅದು ನಡೆಯುತ್ತದೆ: ಸುತ್ತ ಗಾಳಿ, ಕಂಬದಲ್ಲಿ ಕರೆಂಟ್ ತಡೆಯುವ ಪಿಂಗಾಣಿ ಬಟ್ಟಲು. ಸಮುದ್ರದಲ್ಲಿ ನಡೆಯುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಕಬ್ಬಿಣದಲ್ಲಿ ಕರೆಂಟ್ ಹರಿಯುವುದು ಸುಮಾರು ಆರರಲ್ಲಿ ಒಂದು ಪಾಲು ಮಾತ್ರ.

ಹಾಗಂತ ಉಕ್ಕು ಸುಮ್ನೆ ಮೇಲುಹೊದಿಕೆ ಅಂದುಕೊಳ್ಳಬೇಡಿ. ಹಡಗಿನಿಂದ ಎರಡು ಮೈಲಿ ಆಳಕ್ಕೆ ಜೋತುಬಿದ್ದ ಕೇಬಲ್ ತನ್ನ ಭಾರಕ್ಕೆ ತಾನೇ ತುಂಡಾಗಬಾರದು. 1865ರ ಆಗಸ್ಟ್ 2ರಂದು ಕೇಬಲ್ ತುಂಡಾದದ್ದೂ ಉಂಟು. ಗ್ರೇಟ್ ಈಸ್ಟರ್ನ್ ಹಡಗು ದೋಷವಿದ್ದ ಭಾಗವನ್ನು ಮೇಲೆಳೆಯುವಾಗ ಕೇಬಲ್ ತುಂಡಾಗಿ ಮುಳುಗಿತು. ಮರುವರ್ಷ ಜುಲೈ 27ಕ್ಕೆ ಹೊಸ ಕೇಬಲ್ ದಡ ಮುಟ್ಟಿತು. ಅದೇ ಹಡಗು ವಾಪಸ್ ಹೋಗಿ, ಮುಳುಗಿದ್ದ ಹಳೆಯದನ್ನೂ ಕೊಕ್ಕೆ ಹಾಕಿ ಎತ್ತಿ, ಜೋಡಿಸಿ ಮುಗಿಸಿತು. ವರ್ಷವಿಡೀ ಕಡಲ ತಳದಲ್ಲಿದ್ದರೂ ಆ ಎಳೆತವನ್ನು ತಡೆದದ್ದು ಈ ಉಕ್ಕು. ತಂತಿ ಎಳೆಯುವವರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ?

ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು. ಉಕ್ಕಿನ ತಂತಿಯನ್ನು ಸಣ್ಣ ತೂತಿನ ಡೈನಲ್ಲಿ ಮತ್ತೆ ಮತ್ತೆ ಎಳೆದರೆ ಅದು ಬಿರುಸಾಗುತ್ತದೆ, ಇನ್ನೂ ಎಳೆದರೆ ಪಟ್ ಅಂತ ಮುರಿಯುತ್ತದೆ. ಅದಕ್ಕೇ ನಡುವೆ ಕೆಂಪಗೆ ಕಾಯಿಸಿ, ಕರಗಿದ ಸೀಸದಂಥದ್ದರಲ್ಲಿ ಹದವಾಗಿ ಆರಿಸುತ್ತಾರೆ. ಆಗ ಮತ್ತೆ ಎಳೆಯಲು ಬರುತ್ತದೆ, ಬಲವೂ ಹೆಚ್ಚುತ್ತದೆ. ತಂತಿ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಇವತ್ತಿಗೂ ‘ಪೇಟೆಂಟಿಂಗ್’ ಅಂತಲೇ ಹೆಸರು. ಅದು ಹಾರ್ಸ್‌ಫಾಲ್‌ನ 1854ರ ಪೇಟೆಂಟಿನಿಂದ ಬಂದದ್ದು. ಆ ಹಕ್ಕಿನ ಅವಧಿ ಮುಗಿದು ಶತಮಾನ ದಾಟಿದೆ. ತಂತಿ ಅಂಗಡಿಯ ಚೀಟಿಯಲ್ಲಿ ‘ಪೇಟೆಂಟೆಡ್’ ಅಂತ ಕಂಡರೆ ಯಾರದೋ ಹಕ್ಕಿನ ಮಾಲು ಅಂದುಕೊಳ್ಳಬೇಡಿ. ಆ ತಂತಿಯನ್ನು ಹೀಗೆ ಕಾಯಿಸಿ ಆರಿಸಿದ್ದಾರೆ ಅಂತ ಅಷ್ಟೇ.