ವರ್ಷವಿಡೀ ಶಾಲೆ, ಆ ಒಂದು ರಾತ್ರಿ ಆಸರೆ

ಒಡಿಶಾದ ಕರಾವಳಿ ಹಳ್ಳಿಗಳಲ್ಲಿ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಕಾಂಕ್ರೀಟ್ ಕಟ್ಟಡಗಳಿವೆ, ಕೆಳಗೆ ಖಾಲಿ, ಮೇಲೆ ಎಷ್ಟೋ ಕಡೆ ಮಕ್ಕಳಿಗೆ ಪಾಠ ನಡೀತಿರುತ್ತೆ. ಇವು ಸೈಕ್ಲೋನ್ ಶೆಲ್ಟರ್‌ಗಳು. 1999ರ ಅಕ್ಟೋಬರ್ 29ಕ್ಕೆ ಸೂಪರ್ ಸೈಕ್ಲೋನ್ ಬಂದಾಗ ಅಲ್ಲಿ ಹತ್ರತ್ರ 10 ಸಾವಿರ ಜನ ಸತ್ರು, ತುಂಬಾ ಜನರನ್ನ ಎಳ್ಕೊಂಡು ಹೋಗಿದ್ದು ಊರೊಳಗೆ ನುಗ್ಗಿದ ಸಮುದ್ರದ ನೀರು. 2019ರ ಮೇ ತಿಂಗಳಲ್ಲಿ ಫೋನಿ ಚಂಡಮಾರುತ ಪುರಿ ಹತ್ರ ಅಪ್ಪಳಿಸೋ ಮೊದಲೇ ಸುಮಾರು 12 ಲಕ್ಷ ಜನರನ್ನ ಸ್ಥಳಾಂತರ ಮಾಡಿದ್ರು, ಒಡಿಶಾದಲ್ಲಿ ಸತ್ತೋರು 64. ಹವಾಮಾನ ಇಲಾಖೆ ಮುನ್ಸೂಚನೆಗೆ ಇದರಲ್ಲಿ ದೊಡ್ಡ ಪಾಲಿದೆ, ಆದ್ರೆ ಮುನ್ಸೂಚನೆ ಕೇಳಿದ ಜನ ಓಡಿ ಹೋಗೋಕೆ ಒಂದು ಜಾಗ ಬೇಕಲ್ವಾ?

ಕೆಳಗೆ ಗೋಡೆ ಯಾಕಿಲ್ಲ ಅಂದ್ರೆ, ಗೋಡೆ ಇದ್ರೆ ನುಗ್ಗೋ ನೀರಿನ ಪೂರ್ತಿ ಹೊಡೆತ ಅದರ ಮೇಲೆ ಬೀಳುತ್ತೆ, ಬರೀ ಕಂಬ ಇದ್ರೆ ನೀರು ಸಂದಿಲಿ ಹಾದು ಹೋಗುತ್ತೆ. ಗಾಳಿ ಲೆಕ್ಕ ಇನ್ನೂ ಖಡಕ್ಕು. ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟಾಗುತ್ತೆ. ಅದಕ್ಕೇ ನಮ್ಮ ದೇಶದ ಗಾಳಿ ಲೆಕ್ಕದ ಮಾನದಂಡ ಐಎಸ್ 875, ಪೂರ್ವ ಕರಾವಳಿ ಪಟ್ಟೀಲಿ ಇಂಥ ಕಟ್ಟಡ ಕಟ್ಟುವಾಗ ವೇಗವನ್ನ 1.3ರಿಂದ ಗುಣಿಸಿ ಅನ್ನುತ್ತೆ, ಅಂದ್ರೆ ಒತ್ತಡ 1.69 ಪಟ್ಟು. ತಗಡಿನ ಶೀಟ್ ಇಲ್ಲಿ ನಡೆಯಲ್ಲ, ಮೇಲೆ ಹಾಯೋ ಗಾಳಿ ಶೀಟನ್ನ ಕೆಳಕ್ಕೆ ಒತ್ತೋ ಬದಲು ಮೇಲಕ್ಕೆ ಹೀರುತ್ತೆ, ಒಂದು ಕಿಟಕಿ ಒಡೆದು ಗಾಳಿ ಒಳಗೆ ಬಂತು ಅಂದ್ರೆ ಒಳಗಿಂದಾನೂ ತಳ್ಳುತ್ತೆ, ಚಾವಣಿ ಹಾರಿ ಹೋಗುತ್ತೆ.

ಆದ್ರೆ ಎಷ್ಟೇ ಗಟ್ಟಿಯಾಗಿ ಕಟ್ಟಿದ್ರೂ ಬೀಗ ಹಾಕಿಟ್ರೆ ಹಾಳಾಗುತ್ತೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿದ್ದಕ್ಕೆ ಕಾಂಕ್ರೀಟ್ ಬಿರುಕು ಬಿಡುತ್ತೆ, ಆ ಬಿರುಕನ್ನ ನೋಡೋರು ಯಾರು? ದಿನಾ ಶಾಲೆ ನಡೆದ್ರೆ ಮೇಷ್ಟ್ರು ನೋಡ್ತಾರೆ. ಮದುವೆ, ಮೀಟಿಂಗ್‌ಗೆ ಬಾಡಿಗೆ ಕೊಟ್ರೆ ಊರಿನ ಕಮಿಟಿ ಕೈಗೆ ರಿಪೇರಿಗೆ ಎರಡು ಕಾಸು ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಕತ್ತಲಲ್ಲಿ ಮೆಟ್ಟಿಲು ಎಲ್ಲಿದೆ, ಬೀಗದ ಕೈ ಯಾರ ಹತ್ರ ಇದೆ ಅಂತ ಮಕ್ಕಳಿಗೂ ಗೊತ್ತಿರುತ್ತೆ.

ಟಾಯ್ಲೆಟ್ ವಿಷಯ ಸಣ್ಣದು ಅನ್ಕೋಬೇಡಿ. ಕೆಳಗೆ ಕಟ್ಟಿದ್ರೆ ನೀರು ಬಂದ ತಕ್ಷಣ ಅದೇ ಮೊದಲು ಮುಳುಗೋದು, ಹಾಗಾಗಿ ಮೇಲೇ ಇರ್ಬೇಕು, ಹೆಂಗಸರಿಗೆ ಬೇರೆ, ಒಳಗಿಂದ ಚಿಲಕ ಸರಿಯಾಗಿ ಬೀಳ್ಬೇಕು. 1991ರ ಸೈಕ್ಲೋನಲ್ಲಿ ಬಾಂಗ್ಲಾದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ ಸತ್ರು, ಗಂಡಸರ ಮಧ್ಯೆ ಮರೆ ಇಲ್ಲದ ಜಾಗದಲ್ಲಿ ರಾತ್ರಿ ಕಳೆಯೋಕೆ ಹಿಂಜರಿದು ತುಂಬಾ ಜನ ಮನೆ ಬಿಟ್ಟು ಬರಲಿಲ್ಲ ಅನ್ನೋದು ಅದಕ್ಕೆ ಒಂದು ಕಾರಣ. ಹಸು ಬಿಟ್ಟು ಬರದವರೂ ಇರ್ತಾರೆ, ಅದಕ್ಕೆ ಅಲ್ಲಿ ದನಗಳಿಗಂತಲೇ ಮಣ್ಣಿನ ಎತ್ತರದ ದಿಬ್ಬ ಹಾಕ್ತಾರೆ, ಕಿಲ್ಲಾ ಅಂತಾರೆ.

ನಮ್ಮಲ್ಲಿ ಕರಾವಳಿಗೆ ಸೈಕ್ಲೋನ್ ಶೆಲ್ಟರ್ ಯೋಜನೆ ಬಂತು, ಹೊಳೆ ದಂಡೆ ಊರುಗಳ ಬಗ್ಗೆ ನಂಗೆ ಚಿಂತೆ. 2019ರ ನೆರೇಲಿ ಬಾಗಲಕೋಟೆ ಜಿಲ್ಲೆಯ ನಮ್ಮ ಸಂಬಂಧಿಕರ ಊರಲ್ಲಿ ಸಮುದಾಯ ಭವನಾನೇ ಮುಳುಗಿತ್ತು, ದಿಬ್ಬದ ಮೇಲಿನ ಶಾಲೇನ ಕಾಳಜಿ ಕೇಂದ್ರ ಮಾಡಿದ್ರು. ರ‍್ಯಾಂಪ್ ಇರ್ಲಿಲ್ಲ, ನಮ್ಮ ದೊಡ್ಡಮ್ಮನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ನಾಲ್ಕು ಹುಡುಗ್ರು ಎತ್ಕೊಂಡು ಮೆಟ್ಟಿಲು ಹತ್ತಿಸಿದ್ರು. ನೀರಿಳಿದ ಮೇಲೆ ಭವನದ ಗೋಡೆಲಿ ಕೆಸರಿನ ಗೆರೆ ಉಳೀತು, ನನ್ನ ಎದೆ ಮಟ್ಟಕ್ಕೆ. ಆಮೇಲೆ ಅದಕ್ಕೆ ಸುಣ್ಣ ಬಳಿದ್ರು. ಆ ಗೆರೆಗಿಂತ ಮೇಲೆ ಒಂದು ರೂಮು, ಒಂದು ಟಾಯ್ಲೆಟ್, ಗಾಲಿಕುರ್ಚಿ ಹತ್ತೋ ಅಷ್ಟು ಇಳಿಜಾರು, ಇಷ್ಟು ಕಟ್ಟೋಕೆ ಆ ಗೆರೆನೇ ಅಳತೆ ಆಗ್ತಿತ್ತು.