ಪದಚ್ಯುತ ಸರ್ವಾಧಿಕಾರಿಗೂ ವಕೀಲ ಬೇಕೇ? ಅಧ್ಯಯನ ಟಿಪ್ಪಣಿ

ಈ ಪ್ರಶ್ನೆಗೆ ಉತ್ತರ ಬರೆಯುವಾಗ ‘ಅರ್ಹತೆ’ ಎಂಬ ಪದವನ್ನು ಮೊದಲು ಪಕ್ಕಕ್ಕಿಡಿ. ಸಾವಿರಾರು ಜನರನ್ನು ಕೊಲ್ಲಿಸಿದವನಿಗೆ ನ್ಯಾಯಯುತ ವಿಚಾರಣೆಯ ಅರ್ಹತೆ ಇದೆಯೇ ಎಂದು ಕೇಳಿದ ಕೂಡಲೇ, ಕೊಲ್ಲಿಸಿದ್ದು ಅವನೇ ಎಂದು ಒಪ್ಪಿಕೊಂಡಂತಾಯಿತು. ವಿಚಾರಣೆ ನಡೆಯಬೇಕಿರುವುದೇ ಅದನ್ನು ತೀರ್ಮಾನಿಸಲು.

ಕಾನೂನಿನ ಬುಡ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ. ಆರೋಪದ ವಿವರ ತಿಳಿಯುವುದು, ಸಿದ್ಧತೆಗೆ ಸಾಕಷ್ಟು ಸಮಯ, ತಾನೇ ಆರಿಸಿದ ವಕೀಲ (ಹಣವಿಲ್ಲದಿದ್ದರೆ, ನ್ಯಾಯದ ಹಿತಕ್ಕೆ ಅಗತ್ಯವಿದ್ದಾಗ ಉಚಿತ ವಕೀಲ), ಸಾಕ್ಷಿಗಳ ಪಾಟೀ ಸವಾಲು, ಮೇಲ್ಮನವಿ: ಇವೆಲ್ಲ ಅದರಲ್ಲಿವೆ. ಇವು ಆರೋಪ ಹೊತ್ತ ಪ್ರತಿಯೊಬ್ಬರಿಗೂ ಸಿಗುವ ಕನಿಷ್ಠ ಖಾತರಿಗಳು.

ಅನೇಕರು ಎಡವುವುದು ಇಲ್ಲಿ: ನ್ಯಾಯಯುತ ವಿಚಾರಣೆ ಬೇರೆ, ವಿಚಾರಣೆಯಿಂದಲೇ ವಿನಾಯಿತಿ ಬೇರೆ. ರಾಷ್ಟ್ರಾಧ್ಯಕ್ಷನಾಗಿದ್ದೆ ಎಂಬ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ ಎಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನದ 27ನೇ ವಿಧಿ ಹೇಳುತ್ತದೆ. ಅದೇ ಶಾಸನದ 67ನೇ ವಿಧಿ ಆರೋಪಿಗೆ ವಕೀಲರನ್ನು ಕೊಡುತ್ತದೆ. ಎರಡರ ನಡುವೆ ವಿರೋಧವಿಲ್ಲ.

ವಕೀಲ ನಿಜವಾಗಿ ಏನು ಮಾಡಬಲ್ಲ ಎಂಬುದಕ್ಕೆ, ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್ ನೋಡಿ. ಹಿಟ್ಲರನ ನಂತರ ಕೆಲವೇ ದಿನ ಜರ್ಮನಿಯ ಮುಖ್ಯಸ್ಥನಾಗಿದ್ದ ಅಡ್ಮಿರಲ್ ಡೋನಿಟ್ಸ್ ಮೇಲೆ ಕಾನೂನುಬಾಹಿರ ಜಲಾಂತರ್ಗಾಮಿ ಯುದ್ಧದ ಆರೋಪವೂ ಇತ್ತು. ಅವನ ವಕೀಲ ಕ್ರಾನ್ಸ್‌ಬ್ಯೂಲರ್ ಅಮೆರಿಕದ ಅಡ್ಮಿರಲ್ ನಿಮಿಟ್ಸ್‌ಗೆ ಲಿಖಿತ ಪ್ರಶ್ನೆಗಳನ್ನು ಕಳಿಸಿದ. ಪೆಸಿಫಿಕ್‌ನಲ್ಲಿ ಅಮೆರಿಕವೂ ಯುದ್ಧದ ಮೊದಲ ದಿನದಿಂದಲೇ ಎಚ್ಚರಿಕೆ ಕೊಡದೆ ಹಡಗುಗಳ ಮೇಲೆ ದಾಳಿ ನಡೆಸಿತ್ತು ಎಂದು ಉತ್ತರ ಬಂತು. ಜಲಾಂತರ್ಗಾಮಿ ಯುದ್ಧದಲ್ಲಿ ಡೋನಿಟ್ಸ್ ಮಾಡಿದ ನಿಯಮಭಂಗಗಳನ್ನು ನ್ಯಾಯಾಲಯ ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ ಅಪರಾಧಗಳಿಗೆ 10 ವರ್ಷ ವಿಧಿಸಿತು. ಅಲ್ಲಿ ಮೂವರು ಆರೋಪಿಗಳು ಖುಲಾಸೆಯಾದದ್ದನ್ನೂ ಮರೆಯಬೇಡಿ.

ಇದಕ್ಕೆ ತದ್ವಿರುದ್ಧ ರೊಮೇನಿಯಾ. 1989ರ ಡಿಸೆಂಬರ್ 25ರಂದು, ಕ್ರಾಂತಿಯಲ್ಲಿ ಪದಚ್ಯುತನಾದ ಸರ್ವಾಧಿಕಾರಿ ಚೌಷೆಸ್ಕು ಮತ್ತು ಅವನ ಪತ್ನಿಯ ವಿಚಾರಣೆ ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು. ರಕ್ಷಣೆಗೆಂದು ನಿಂತ ವಕೀಲರೇ ಅವರನ್ನು ದೂಷಿಸಿದರು. 60,000 ಜನರ ಸಾವಿನ ಆರೋಪವನ್ನು ಯಾರೂ ಪರೀಕ್ಷಿಸಲಿಲ್ಲ; ಆ ಕ್ರಾಂತಿಯಲ್ಲಿ ಸತ್ತವರು ಸುಮಾರು 1,100 ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಇಬ್ಬರನ್ನೂ ಗುಂಡಿಕ್ಕಿ ಕೊಂದಾಗಿತ್ತು.

ಇರಾಕ್‌ನ ಸದ್ದಾಂ ಹುಸೇನ್ ಪ್ರಕರಣವನ್ನು ನಿಧಾನವಾಗಿ ಓದಬೇಕು, ಏಕೆಂದರೆ ಅಲ್ಲಿ ಹಕ್ಕುಗಳು ಕಾಗದದ ಮೇಲೆ ಇದ್ದವು. 1982ರಲ್ಲಿ ತನ್ನ ಮೇಲೆ ಹತ್ಯೆಯತ್ನ ನಡೆದ ದುಜೈಲ್ ಪಟ್ಟಣದ 148 ಜನರನ್ನು ಕೊಲ್ಲಿಸಿದ ಆರೋಪದ ವಿಚಾರಣೆ 2005ರ ಅಕ್ಟೋಬರ್ 19ರಂದು ಆರಂಭವಾಯಿತು. ಮರುದಿನವೇ ಸಹ ಆರೋಪಿಯೊಬ್ಬನ ವಕೀಲನ ಅಪಹರಣ, ಹತ್ಯೆ. ವಿಚಾರಣೆ ಮುಗಿಯುವಷ್ಟರಲ್ಲಿ ಕೊಲೆಯಾದ ರಕ್ಷಣಾ ವಕೀಲರು ಮೂವರು. ಆರೋಪಿಯ ಜತೆ ಮೃದುವಾಗಿದ್ದಾರೆ ಎಂಬ ಟೀಕೆಗೆ ಗುರಿಯಾದ ಮುಖ್ಯ ನ್ಯಾಯಾಧೀಶ ರಿಜ್ಗಾರ್ ಅಮೀನ್ ಹುದ್ದೆ ಬಿಟ್ಟರು. ವಕೀಲನ ಜೀವಕ್ಕೆ ರಕ್ಷಣೆ ಇಲ್ಲದ ಕಡೆ ವಕೀಲರ ನೆರವಿನ ಹಕ್ಕು ಇದೆ ಎನ್ನುವುದು ಬರೀ ಮಾತು. 2006ರ ನವೆಂಬರ್ 5ಕ್ಕೆ ಮರಣದಂಡನೆ, ಡಿಸೆಂಬರ್ 26ಕ್ಕೆ ಮೇಲ್ಮನವಿ ವಜಾ, 30ಕ್ಕೆ ಗಲ್ಲು. ಕುರ್ದ್‌ ಜನರ ಮೇಲಿನ ಅನ್ಫಾಲ್ ದಾಳಿಯ ಪ್ರಕರಣ ಆಗಿನ್ನೂ ನಡೆಯುತ್ತಿತ್ತು. ಅದರಲ್ಲಿ ಸದ್ದಾಂ ವಿರುದ್ಧದ ಆರೋಪ ಅವನ ಸಾವಿನೊಂದಿಗೇ ಕೈಬಿಟ್ಟುಹೋಯಿತು. ಅವಸರದಿಂದ ಹೆಚ್ಚು ಕಳೆದುಕೊಂಡವರು ಆ ಸಂತ್ರಸ್ತರೇ.

ಆರೋಪಿಯೇ ವಕೀಲ ಬೇಡ ಎಂದರೆ? ಯುಗೊಸ್ಲಾವಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ತಾನೇ ವಾದಿಸಲು ಹೊರಟ. ಅನಾರೋಗ್ಯದಿಂದ ವಿಚಾರಣೆ ಪದೇ ಪದೇ ನಿಂತು, 2006ರಲ್ಲಿ ತೀರ್ಪಿಗೆ ಮೊದಲೇ ತೀರಿಕೊಂಡ. ಚಾಡ್‌ನ ಮಾಜಿ ಅಧ್ಯಕ್ಷ ಹಿಸೆನ್ ಹಾಬ್ರೆ 2015ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿದ್ದ ನ್ಯಾಯಾಲಯವನ್ನೇ ಒಪ್ಪಲಿಲ್ಲ; ಅವನ ವಕೀಲರೂ ಬರಲಿಲ್ಲ. ನ್ಯಾಯಾಲಯ ಮೂವರು ವಕೀಲರನ್ನು ನೇಮಿಸಿ, ಕಡತ ಓದಿಕೊಳ್ಳಲು 45 ದಿನ ವಿಚಾರಣೆ ಮುಂದೂಡಿತು. 2016ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2017ರ ಮೇಲ್ಮನವಿಯಲ್ಲಿ, ಹಾಬ್ರೆಯೇ ಎಸಗಿದನೆನ್ನಲಾದ ಅತ್ಯಾಚಾರದ ಆರೋಪ ಬಿದ್ದುಹೋಯಿತು. ಸಂತ್ರಸ್ತೆಯ ಹೇಳಿಕೆ ಸುಳ್ಳೆಂದು ಕಂಡದ್ದಕ್ಕಲ್ಲ. ಆ ಸಂಗತಿ ಮೂಲ ಆರೋಪದಲ್ಲಿ ಇರಲಿಲ್ಲ, ತಡವಾಗಿ ಸೇರಿತ್ತು. ಉಳಿದ ಅಪರಾಧಗಳಿಗೆ ಜೀವಾವಧಿ ಶಿಕ್ಷೆ ಹಾಗೇ ಉಳಿಯಿತು.